ಬಟ್ಟೆಗೆ ಹತ್ತದ ಬಣ್ಣ

ಹಿತ್ತಲಿನ ತಂತಿಯ ಮೇಲೆ ನಾನು ಒಣಹಾಕಿದ ಬಟ್ಟೆ ನೋಡಿದರೆ ಸಾಕು, ಆ ವಾರ ನಮ್ಮ ಶೆಡ್ಡಿಗೆ ಯಾವ ಕಾರು ಬಂದಿದೆ ಎಂದು ಆರ್.ಟಿ. ನಗರದ ನಮ್ಮ ಬೀದಿಯ ಹೆಂಗಸರು ಹೇಳಿಬಿಡುತ್ತಿದ್ದರು. ಬಟ್ಟೆ ಕಪ್ಪಾಗಿದ್ದರೆ ಯಾರೋ ವಕೀಲರದ್ದು. ಹಸಿರಾಗಿದ್ದರೆ ಯಶವಂತಪುರದ ಮಂಡಿಯವರದ್ದು. ಎಷ್ಟು ಒಗೆದರೂ ಕುಂಕುಮ ಕಲಸಿದ ಹಾಗೆ ಕೆಂಪು ಉಳಿದಿದ್ದರೆ ಹೆಬ್ಬಾಳದ ದೊಡ್ಡವರದ್ದು. ಎದುರುಮನೆಯಾಕೆ ಹಾಲು ತಗೊಳ್ಳುತ್ತ ನಿಂತು, ಈ ಸಲ ದೊಡ್ಡವರ ಗಾಡಿ ಬೇಗ ಬಂದಿದೆಯಲ್ಲ ಎಂದು ವಿಚಾರಿಸುತ್ತಿದ್ದಳು. ಬೀದಿಗೆಲ್ಲ ಗೊತ್ತಿದ್ದ ಸಂಗತಿ ಕಾರಿನ ಯಜಮಾನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವರ ಕಾರುಗಳನ್ನು ಉಜ್ಜಿ ಹೊಳಪು ತರುತ್ತಿದ್ದವಳು ನಾನು.

ನಮ್ಮ ಯಜಮಾನರು ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದರು. ಮನೆಯ ಪಕ್ಕದ ಜಾಗದಲ್ಲಿ ತಗಡಿನ ಶೆಡ್ಡು, ಅದರಲ್ಲೊಂದು ಕಂಪ್ರೆಸರ್, ಒಂದು ಸ್ಪ್ರೇ ಗನ್, ಮನೆಯೆಲ್ಲ ಹರಡುವ ಥಿನ್ನರ್ ವಾಸನೆ. ಎಪ್ಪತ್ತರ ದಶಕದ ನಡುವಿನ ಮಾತು. ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದವು. ಬಣ್ಣ ಹೊಡೆದ ದಿನ ಬೀದಿಯಲ್ಲಿ ನಾಲ್ಕು ಎಮ್ಮೆ ಹಾದುಹೋದರೂ ಧೂಳೆದ್ದು ಹಸಿ ಬಣ್ಣಕ್ಕೆ ಅಂಟಿಕೊಳ್ಳುತ್ತಿತ್ತು. ಮನುಷ್ಯರ ಮುಂದೆ ಗಟ್ಟಿಯಾಗಿ ಮಾತಾಡದ ನಮ್ಮವರು ಎಮ್ಮೆಗಳ ಮೇಲೆ ಮಾತ್ರ ಕೂಗಾಡುತ್ತಿದ್ದರು. ಮಿಕ್ಕವರ ಮೇಲೆ ಕೂಗಾಡುವ ಕೆಲಸ ನನ್ನದಾಗಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮತ್ತೆ ಮದುವೆಯಾದ ಮೂರನೆಯ ದಿನವೇ ಕಂಡುಕೊಂಡಿದ್ದರು.

ಒಂದು ಬೇಸಿಗೆಯಲ್ಲಿ ನಮ್ಮವರು ಜ್ವರ ಬಂದು ಮಲಗಿದರು. ಮರುದಿನವೇ ಕೊಡಬೇಕಾದ ಕಾರೊಂದು ಶೆಡ್ಡಿನಲ್ಲಿ ಮಂಕಾಗಿ ನಿಂತಿತ್ತು. ಅವರು ಉಜ್ಜುವುದನ್ನು ನೋಡಿ ನೋಡಿ ನನಗೂ ಅಂದಾಜು ಬಂದಿತ್ತು. ಸೆರಗು ಸಿಕ್ಕಿಸಿಕೊಂಡು ಇಡೀ ದಿನ ಉಜ್ಜಿದೆ. ಜ್ವರ ಬಿಟ್ಟ ಮೇಲೆ ಅವರು ಎದ್ದು ಬಂದು, ಬಗ್ಗಿ, ಒಂದು ಕಣ್ಣು ಮುಚ್ಚಿ, ಬಾನೆಟ್ಟಿನ ಉದ್ದಕ್ಕೂ ನೋಡಿದರು. ಮುಂದಿನ ಕಾರು ಬಂದಾಗ ಬಟ್ಟೆಯನ್ನು ತಾವಾಗಿಯೇ ನನ್ನ ಕೈಗೆ ಕೊಟ್ಟರು.

ಆ ಕಾಲದ ದೊಡ್ಡ ಕಾರುಗಳ ಬಣ್ಣ ಈಗಿನವರಿಗೆ ಹೇಳಿದರೆ ತಿಳಿಯುವುದು ಕಷ್ಟ. ಅದಕ್ಕೆ ಲ್ಯಾಕರ್ ಎನ್ನುತ್ತಿದ್ದರು. ಗನ್ನಿನಿಂದ ಹೊರಬಂದು ಒಣಗಿದಾಗ ಅದರಲ್ಲಿ ಯಾವ ಸೊಗಸೂ ಇರುತ್ತಿರಲಿಲ್ಲ, ತೊಳೆದು ಒಣಗಿಸಿದ ಕಪ್ಪು ಹಲಗೆಯ ಹಾಗೆ ಸಪ್ಪಗಿರುತ್ತಿತ್ತು. ಒಂದು ಕೋಟು ಒಣಗಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ನಡುನಡುವೆ ನೀರು ಹಾಕಿ ನಯವಾದ ಉಪ್ಪುಕಾಗದದಲ್ಲಿ ತಿಕ್ಕುವುದು. ಕಡೆಗೆ ಬಟ್ಟೆಗೆ ಕಾಂಪೌಂಡ್ ಎಂಬ ತರಿತರಿ ಲೇಪ ಹಚ್ಚಿಕೊಂಡು ಉಜ್ಜಬೇಕು. ಹೊಳಪು ಡಬ್ಬಿಯಲ್ಲಿ ಬರುತ್ತಿರಲಿಲ್ಲ, ಕೈಯಿಂದಲೇ ಬರಬೇಕಿತ್ತು. ಸರಿಯಾಗಿ ಉಜ್ಜಿದ ಬಾಗಿಲಲ್ಲಿ ಮುಖ ನೋಡಿಕೊಂಡರೆ, ಮುಖ ಬಣ್ಣದ ಮೇಲಲ್ಲ, ಒಳಗೆಲ್ಲೋ ಬಾವಿಯಲ್ಲಿ ಕಂಡ ಹಾಗೆ ಕಾಣುತ್ತಿತ್ತು. ನಾನು ಎಷ್ಟೋ ಸಲ ಹಣೆಗೆ ಇಟ್ಟುಕೊಂಡದ್ದು ಕಾರಿನ ಬಾಗಿಲು ನೋಡಿಕೊಂಡೇ.

ಕೆಲಸ ಮುಗಿಯಿತೋ ಇಲ್ಲವೋ ಎಂದು ತಿಳಿಯಲು ನಮ್ಮಲ್ಲಿ ಒಂದೇ ಲೆಕ್ಕ. ಬಟ್ಟೆಗೆ ಬಣ್ಣ ಹತ್ತಬೇಕು. ಮೊದಮೊದಲು ಬಟ್ಟೆಗೆ ಬರುವುದು ಧೂಳು, ಹೊಗೆ, ಹಳೆಯ ಮೇಣದ ಜಿಡ್ಡು. ಅದೆಲ್ಲ ಹೋಗಿ ಕಾರಿನ ಸ್ವಂತ ಬಣ್ಣ ಬಟ್ಟೆಗೆ ಇಳಿಯಲು ಶುರುವಾದರೆ ಜೀವಂತ ಪದರ ಸಿಕ್ಕಿತು ಎಂದರ್ಥ. ಆಮೇಲೆ ಎರಡು ಸುತ್ತು ಹಗುರವಾಗಿ ಉಜ್ಜಿ ನಿಲ್ಲಿಸಬೇಕು. ಇದಕ್ಕೆ ಹಳೆಯ ಪಂಚೆಯಷ್ಟು ಒಳ್ಳೆಯ ಬಟ್ಟೆ ಬೇರೆ ಇಲ್ಲ. ನಮ್ಮ ಮಾವನವರು ಇನ್ನೂ ಉಟ್ಟುಕೊಂಡು ಓಡಾಡುತ್ತಿದ್ದ ಪಂಚೆಯ ಮೇಲೆ ನಾನು ಕಣ್ಣು ಹಾಕಿರುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು. ನಾನು ಹತ್ತಿರ ಸುಳಿದರೆ ಪಂಚೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು.

ನಾನು ಉಜ್ಜುತ್ತಿದ್ದದ್ದು ಮಧ್ಯಾಹ್ನ, ಶೆಡ್ಡಿನ ತಗಡಿನ ಬಾಗಿಲು ಎಳೆದುಕೊಂಡು. ಹೆಂಗಸು ಉಜ್ಜುತ್ತಾಳೆ ಎಂದು ಗೊತ್ತಾದರೆ ದೊಡ್ಡ ಕಾರಿನವರು ಬರುವುದನ್ನೇ ಬಿಡುತ್ತಾರೆ ಎಂಬುದು ನಮ್ಮವರ ಭಯ. ಸುಳ್ಳು ಹೇಳುವ ಮನುಷ್ಯನಲ್ಲ, ಆದರೆ ಗಿರಾಕಿಗಳು ಬಂದು, ನಿಮ್ಮ ಕೈಯಲ್ಲಿ ಏನಿದೆಯಪ್ಪಾ ಎಂದು ಹೊಗಳಿದಾಗ ನೆಲ ನೋಡಿಕೊಂಡು ನಿಂತುಬಿಡುತ್ತಿದ್ದರು. ಆಮೇಲೆ ಅಡಿಗೆಮನೆಗೆ ಬಂದು ಅವರು ಅಂದದ್ದನ್ನೆಲ್ಲ ಒಂದು ಅಕ್ಷರ ಬಿಡದೆ ನನಗೆ ಒಪ್ಪಿಸುತ್ತಿದ್ದರು. ದೇವಸ್ಥಾನಕ್ಕೆ ಹೋಗದವರಿಗೆ ಪ್ರಸಾದ ತಂದುಕೊಡುತ್ತಾರಲ್ಲ, ನನ್ನ ಪಾಲಿನ ಹೊಗಳಿಕೆ ಹಾಗೆ ಬರುತ್ತಿತ್ತು. ನನಗೆ ಸಂತೋಷವೂ ಆಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಒಂದು ಸಲವಾದರೂ ಯಾರಾದರೂ ನನ್ನ ಮುಖ ನೋಡಿ ಹೇಳಲಿ ಎಂಬ ಆಸೆ. ಬಾಯಿಬಿಟ್ಟು ಹೇಳಿದರೆ ಜಂಬ ಎಂದುಕೊಂಡಾರೆಂದು ಹೇಳುತ್ತಿರಲಿಲ್ಲ.

ಹೆಚ್ಚು ಹೊಗಳುತ್ತಿದ್ದವರು ಹೆಬ್ಬಾಳದ ದೊಡ್ಡವರು. ಸರ್ಕಾರಿ ಇಂಜಿನಿಯರಾಗಿದ್ದು ರಿಟೈರ್ ಆಗಿ, ದ್ರಾಕ್ಷಿ ತೋಟದ ಮಗ್ಗುಲಲ್ಲಿ ಮನೆ ಕಟ್ಟಿಕೊಂಡಿದ್ದರು. ಅವರ ಕಾರು ಇಂಗ್ಲೆಂಡಿನದು, ಕಡುಗೆಂಪು ಬಣ್ಣದ್ದು, ನಮ್ಮ ಅಡಿಗೆಮನೆಗಿಂತ ಉದ್ದ. ನಮ್ಮವರೇ ಒಮ್ಮೆ ಅದಕ್ಕೆ ಹೊಸದಾಗಿ ಬಣ್ಣ ಹೊಡೆದಿದ್ದರು. ಎರಡು ತಿಂಗಳಿಗೊಮ್ಮೆ ತಪ್ಪದೆ ಉಜ್ಜಿಸಲು ಬರುತ್ತಿತ್ತು. ಬಂದಾಗಲೆಲ್ಲ ಅವರು ಮಡ್‌ಗಾರ್ಡಿನ ಮೇಲೆ ಕೈಯಾಡಿಸಿ, ಈಗಿನ ಕಾರುಗಳಿಗೆ ಮಿಷಿನ್ನಿನಲ್ಲಿ ತೆಳ್ಳಗೆ ಉಗುಳಿಸಿ ಕಳಿಸುತ್ತಾರೆ, ಬಣ್ಣ ಎಂದರೆ ಇದು ಎಂದು ನಮ್ಮವರಿಗೆ ಪಾಠ ಹೇಳುತ್ತಿದ್ದರು. ನಾನು ಕಿಟಕಿಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಹೀಗೆ ಎಂಟು ವರ್ಷ ನಡೆಯಿತು.

ಎಂಬತ್ತರ ದಶಕ ಶುರುವಾದ ಮೇಲೆ ದೊಡ್ಡವರ ಮಗಳು ಇಂಗ್ಲೆಂಡಿನಿಂದ ವಾಪಸು ಬಂದರು. ಅಲ್ಲಿ ಡಾಕ್ಟರಾಗಿದ್ದವರು. ಬರುವಾಗ ತಮ್ಮ ಜರ್ಮನಿಯ ಕಾರನ್ನೂ ಹಡಗಿಗೆ ಹಾಕಿಸಿ ತಂದಿದ್ದರು, ತಾವೇ ಓಡಿಸುತ್ತಿದ್ದರು. ಅಂಥ ಬಣ್ಣವನ್ನು ನಾವು ಕಂಡಿರಲಿಲ್ಲ. ತಿಳಿನೀಲಿ, ಆದರೆ ಒಳಗೆ ಬೆಳ್ಳಿಯ ಪುಡಿ ಕಲಸಿದ ಹಾಗೆ ಬಿಸಿಲಿಗೆ ಮಿನುಗುತ್ತಿತ್ತು. ಅಪ್ಪ ಮಗಳಿಗೆ ಬಂದ ವಾರದಿಂದಲೇ ವಾದ. ಅಪ್ಪನ ಪ್ರಕಾರ ಅದು ಬಣ್ಣವಲ್ಲ, ಮಿಠಾಯಿ ಕಾಗದ. ಮಗಳ ಪ್ರಕಾರ ಅಪ್ಪನ ಕಾರು ಎರಡು ತಿಂಗಳಿಗೊಮ್ಮೆ ಸೇವೆ ಮಾಡಿಸಿಕೊಳ್ಳುವ ಮಹಾರಾಜ, ತಮ್ಮದಕ್ಕೆ ಒಂದು ಬಕೆಟ್ ನೀರು ಸಾಕು.

ಅದಕ್ಕೆ ನೀರು ಸಾಕಾಗದ ಸಂದರ್ಭ ಒಂದೇ. ಸಮುದ್ರದ ಉಪ್ಪುಗಾಳಿ ತಾಗದಿರಲೆಂದು ಹಡಗಿಗೆ ಹತ್ತಿಸುವ ಮುಂಚೆ ಮೈಗೆಲ್ಲ ಮೇಣ ಬಳಿದಿದ್ದರಂತೆ. ಅದು ಅಲ್ಲಲ್ಲಿ ಮಂಕಾಗಿ ಕೂತಿತ್ತು. ಅದನ್ನಷ್ಟು ತೆಗೆದುಕೊಡಿ ಎಂದು ಡಾಕ್ಟರಮ್ಮ ಕಾರನ್ನು ನಮ್ಮಲ್ಲಿ ಬಿಟ್ಟುಹೋದರು. ನಮ್ಮವರು ಒಳಗೆ ಬಂದು, ಮೇಣ ಪೂರ್ತಿ ಹೋಗಬೇಕಂತೆ ಎಂದು ನನಗೆ ಹೇಳಿ, ಬಣ್ಣ ತರಲು ಬಸ್ಸು ಹತ್ತಿದರು.

ನಾನು ಹೊಸ ಪಂಚೆಯನ್ನೇ ಹರಿದೆ. ಅಂದರೆ ಮಾವನವರು ಆ ಬೆಳಿಗ್ಗೆಯಷ್ಟೇ ಬಿಟ್ಟುಕೊಟ್ಟಿದ್ದ ಹಳೆಯ ಪಂಚೆ. ಬಾನೆಟ್ಟಿನಿಂದ ಶುರುಮಾಡಿದೆ. ಬಟ್ಟೆಗೆ ಮೊದಲು ಸ್ವಲ್ಪ ಕೊಳೆ ಬಂತು, ಆಮೇಲೆ ಏನೂ ಇಲ್ಲ. ಬಟ್ಟೆ ಬೆಳ್ಳಗೆ ಹಾಗೇ ಇತ್ತು. ಮೇಣ ಇನ್ನೂ ಹೋಗಿಲ್ಲ ಎಂದುಕೊಂಡೆ. ಕಾಂಪೌಂಡ್ ಜಾಸ್ತಿ ಹಚ್ಚಿದೆ. ಬಟ್ಟೆ ಬೆಳ್ಳಗೇ ಇತ್ತು. ಎಂಥ ಹಟಮಾರಿ ಮೇಣ ಬಳಿದಿದ್ದಾರೆ ಎಂದು ಆ ಜರ್ಮನಿಯವರನ್ನೂ ಹಡಗಿನವರನ್ನೂ ಸೇರಿಸಿ ಬೈದೆ. ನನ್ನ ಹಟ ಅದಕ್ಕಿಂತ ಕಡಿಮೆಯದಲ್ಲವಲ್ಲ, ಎರಡೂ ಕೈ ಊರಿ, ಬಾನೆಟ್ಟಿನ ನಡುವೆ ಉಬ್ಬಿದ ಏಣಿನ ಮೇಲೆ ತಿಕ್ಕಿದೆ, ತಿಕ್ಕಿದೆ. ಎರಡು ಗಂಟೆಯಾಗಿರಬೇಕು. ಕೊನೆಗೂ ಬಟ್ಟೆಗೆ ಬೆಳ್ಳಿನೀಲಿ ಬಣ್ಣ ಹತ್ತಿತು. ಗೆದ್ದೆ ಎಂದು ನಾನೊಬ್ಬಳೇ ಗಟ್ಟಿಯಾಗಿ ನಕ್ಕೆ.

ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದೆ. ಉಜ್ಜಿದ ಕಡೆ ಹೊಳಪೇ ಇರಲಿಲ್ಲ. ಒಂದು ದೋಸೆಯಗಲ ಜಾಗ ಬೂದಿ ಬಳಿದ ಹಾಗಿತ್ತು. ಲ್ಯಾಕರಿನಲ್ಲಿ ಹಾಗಾದರೆ ಇನ್ನಷ್ಟು ಉಜ್ಜಿದರೆ ಸರಿಹೋಗುತ್ತದೆ. ಇಲ್ಲೂ ಹಾಗೇ ಮಾಡಿದೆ. ದೋಸೆ ಇನ್ನೂ ದೊಡ್ಡದಾಯಿತು, ಏಣಿನ ಮೇಲೆ ತಳದಲ್ಲಿ ಹೊಡೆದಿದ್ದ ಬೂದುಬಣ್ಣದ ಪ್ರೈಮರ್ ಗೆರೆಯಾಗಿ ಇಣುಕಿತು. ಆಗ ಬಟ್ಟೆ ಕೆಳಗಿಟ್ಟು ನೆಲದ ಮೇಲೆ ಕೂತೆ. ನನಗೆ ಅಳು ಬರುವುದು ಅಪರೂಪ. ಅವತ್ತು ಬಂತು.

ನಮ್ಮವರು ಸಂಜೆ ಬಂದು ನೋಡಿದರು. ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುವ ಅಗತ್ಯವೇ ಇರಲಿಲ್ಲ. ಬೈಯಲಿಲ್ಲ. ಈ ಬಣ್ಣ ಇಡೀ ಬೆಂಗಳೂರು ಹುಡುಕಿದರೂ ಸಿಗುವುದಿಲ್ಲ ಎಂದಷ್ಟೇ ಅಂದರು. ಆಮೇಲೆ ಮೆಲ್ಲಗೆ, "ನೀನು ಹೊರಗೆ ಬರ್ಬೇಡ. ನನ್ ಕೈಯಲ್ಲೇ ಆಯ್ತು ಅಂತೀನಿ" ಎಂದರು.

ಮೊದಲು ನೆಮ್ಮದಿಯಾಯಿತು. ಎಷ್ಟು ಒಳ್ಳೆಯ ಗಂಡ ಎಂದೂ ಅನ್ನಿಸಿತು. ಅನ್ನಕ್ಕಿಟ್ಟು ಅಕ್ಕಿ ಕುದಿಯುವಷ್ಟರಲ್ಲಿ ನಾನೂ ಕುದಿಯತೊಡಗಿದ್ದೆ. ಸೌಟು ಹಿಡಿದುಕೊಂಡೇ ಬಂದು ಕೇಳಿದೆ: "ಹೊಗಳಿದ್ರೆ ನಿಮ್ಮನ್ನ ಹೊಗಳ್ತಾರೆ. ಈಗ ತಪ್ಪೂ ನಿಮ್ದೇ ಅಂದ್ರೆ, ನಂದು ಅಂತ ಈ ಶೆಡ್ಡಲ್ಲಿ ಏನ್ರೀ ಇದೆ?" ಅವರು ಎದ್ದು ಕೈಕಾಲು ತೊಳೆಯಲು ಹೋದರು. ಊಟಕ್ಕೆ ಕೂತಾಗ ಮಾವನವರು, ನಡೆದದ್ದೇನೆಂದು ತಿಳಿಯದೆ, ಸಾರು ಚೆನ್ನಾಗಿದೆ ಎಂದರು.

ಮರುದಿನ ಬೆಳಿಗ್ಗೆ ಅಪ್ಪ ಮಗಳು ಇಬ್ಬರೂ ಕೆಂಪು ಕಾರಿನಲ್ಲಿ ಬಂದರು. ಶೆಡ್ಡಿನ ಬಾಗಿಲು ತೆರೆದಿತ್ತು. ಡಾಕ್ಟರಮ್ಮ ಬಾನೆಟ್ ನೋಡಿ ನಿಂತರು. ನಮ್ಮವರು ಗಂಟಲು ಸರಿಮಾಡಿಕೊಂಡು, ಅಮ್ಮಾ, ನನ್ನ ಕೈ, ಎಂದು ಶುರುಮಾಡುವುದಕ್ಕೂ ನಾನು ಹೊಸಿಲು ದಾಟುವುದಕ್ಕೂ ಸರಿಹೋಯಿತು.

"ಅವ್ರಲ್ಲ, ನಾನ್ ಮಾಡಿದ್ದು. ಉಜ್ಜೋಳು ನಾನೇ" ಎಂದೆ.

ದೊಡ್ಡವರು ನನ್ನನ್ನು ನೋಡಿದರು, ನಮ್ಮವರನ್ನು ನೋಡಿದರು, ತಿರುಗಿ ತಮ್ಮ ಕಾರನ್ನು ನೋಡಿದರು. "ಇದು?" ಎಂದರು.

"ಅದೂ ನಾನೇ. ಎಂಟು ವರ್ಷದಿಂದ."

ಅವರು ನಮ್ಮವರ ಕಡೆ ನೋಡಿ, ಅಲ್ಲಪ್ಪ, ಎಂದು ಏನೋ ಹೇಳಹೋಗಿ ನಿಲ್ಲಿಸಿದರು. ಆಮೇಲೆ ಕಾರು ಹತ್ತಿ, ಮಗಳನ್ನು ಅಲ್ಲೇ ಬಿಟ್ಟು, ಹೊರಟೇಹೋದರು. ನಮ್ಮವರ ಮುಖ ಸುಣ್ಣವಾಗಿತ್ತು. ಅವರು ಎಂಟು ವರ್ಷದಿಂದ ಹೆದರಿಕೊಂಡಿದ್ದದ್ದು ಕಣ್ಣೆದುರಿಗೆ ನಡೆದುಹೋಯಿತು.

ಡಾಕ್ಟರಮ್ಮನಿಗೆ ಮಾತ್ರ ಸಿಟ್ಟು ಬಂದಂತೆ ಕಾಣಲಿಲ್ಲ. ನನ್ನ ಬಟ್ಟೆ ಈಸಿಕೊಂಡು ತಿರುಗಿಸಿ ನೋಡಿದರು, ಎಷ್ಟು ಹೊತ್ತು ಉಜ್ಜಿದಿರಿ ಎಂದು ಕೇಳಿದರು. ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ಈ ಕಾರುಗಳಿಗೆ ಬಣ್ಣದ ಮೇಲೆ ಬಣ್ಣವೇ ಇಲ್ಲದ ಇನ್ನೊಂದು ಪದರ ಹೊಡೆದಿರುತ್ತಾರೆ, ಹೊಳಪೆಲ್ಲ ಅದರದ್ದೇ, ನೀವು ಬಟ್ಟೆಗೆ ಬಣ್ಣ ಹತ್ತಲಿ ಎಂದು ಕಾದಿದ್ದೀರಿ, ಹತ್ತಬೇಕಾದರೆ ಆ ಪದರ ಪೂರ್ತಿ ಸವೆಯಬೇಕು ಎಂದು ಬಿಡಿಸಿ ಹೇಳಿದರು. ಅದನ್ನು ಕೈಯಲ್ಲೇ ಸವೆಸಿದವರನ್ನು ಎಲ್ಲೂ ಕೇಳಿಲ್ಲ ಎಂದೂ ಸೇರಿಸಿದರು. ಅದು ಹೊಗಳಿಕೆಯೋ ಬೈಗುಳವೋ ನನಗೆ ಇವತ್ತಿಗೂ ತಿಳಿದಿಲ್ಲ. ಬಣ್ಣವಿಲ್ಲದ ಬಣ್ಣ ಎಂಬುದೊಂದಿದೆ ಎನ್ನುವುದನ್ನು ನಮ್ಮವರಂತೂ ನಂಬಲಿಲ್ಲ.

ಇಂಗ್ಲೆಂಡಿನ ಸ್ನೇಹಿತೆಗೆ ಬರೆದು ಡಬ್ಬಿಗಳನ್ನು ತರಿಸುತ್ತೇನೆ ಎಂದು ಡಾಕ್ಟರಮ್ಮ ಕಾರು ತೆಗೆದುಕೊಂಡು ಹೋದರು. ಬಾನೆಟ್ಟಿನ ಮೇಲೆ ದೋಸೆ ಹೊತ್ತುಕೊಂಡೇ ಆ ಕಾರು ದಿನವೂ ಆಸ್ಪತ್ರೆಗೆ ಓಡಾಡಿತು. ಬಸ್‌ಸ್ಟಾಪಿನ ಹತ್ತಿರ ಎದುರಾದರೆ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ, ಅವರು ಹಾರ್ನ್ ಹೊಡೆದು ಕೈ ಬೀಸುತ್ತಿದ್ದರು.

ಕೆಂಪು ಕಾರು ಬರಬೇಕಾದ ವಾರ ಬಂತು. ಕಾರು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ನಮ್ಮವರು ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಅಂದಿದ್ದರೆ ನಾಲ್ಕು ಮಾತು ತಿರುಗಿಸಿ ಹೇಳಬಹುದಿತ್ತು. ಎದುರುಮನೆಯಾಕೆ ತಂತಿ ನೋಡಿ, ದೊಡ್ಡವರು ಊರಲ್ಲಿಲ್ಲವಾ ಎಂದು ಕೇಳಿದಳು. ಇದ್ದಾರೆ ಎಂದು ಒಳಗೆ ಬಂದೆ. ಬಾಯಿ ಮುಚ್ಚಿಕೊಂಡಿರಬೇಕಿತ್ತೇನೋ ಎಂದು ಮೊದಲ ಸಲ ಅನ್ನಿಸಿತು. ಮರುಕ್ಷಣವೇ ಯಾಕೆ ಮುಚ್ಚಿಕೊಂಡಿರಬೇಕು ಎಂದೂ ಅನ್ನಿಸಿತು. ಎರಡರ ನಡುವೆ ಅಡಿಗೆಗೆ ಉಪ್ಪು ಹೆಚ್ಚಾಗುತ್ತಿತ್ತು.

ಡಬ್ಬಿಗಳು ಬರಲು ಮೂರು ತಿಂಗಳು ಹಿಡಿಯಿತು. ಒಂದರಲ್ಲಿ ಬೆಳ್ಳಿನೀಲಿ, ಇನ್ನೊಂದರಲ್ಲಿ ತಿಳಿಜೇನಿನಂಥ ದ್ರವ, ಜೊತೆಗೆ ಅದಕ್ಕೆ ಬೆರೆಸುವ ಪುಟ್ಟ ಶೀಷೆ. ನಮ್ಮವರು ಬಾನೆಟ್ ಪೂರ್ತಿ ತಿಕ್ಕಿ ನೀಲಿ ಹೊಡೆದರು. ಒಣಗಿದಾಗ ಅದು ಮಂಕಾಗಿಬಿಟ್ಟಿತು. ಕೆಟ್ಟಿತು ಎಂದು ಅವರು ತಲೆ ಮೇಲೆ ಕೈಹೊತ್ತರು. ಡಾಕ್ಟರಮ್ಮ ಬರೆದುಕೊಟ್ಟಂತೆ ಮಾಡಿ ಮುಗಿಸಿ ಎಂದು ನಾನೇ ಗದರಿಸಿದೆ. ಆ ದ್ರವ ಹೊಡೆದರು. ಬಾನೆಟ್ ನೀರು ಸುರಿದ ಹಾಗೆ ಹೊಳೆಯಿತು. ಲ್ಯಾಕರ್ ಕೂಡ ಹಸಿಯಿರುವಾಗ ಹೊಳೆಯುತ್ತದೆ, ಒಣಗುತ್ತಲೇ ಮಂಕಾಗುತ್ತದೆ. ಇದೂ ಆಗುತ್ತದೆಂದು ಇಬ್ಬರೂ ಸ್ಟೂಲು ಹಾಕಿಕೊಂಡು ಕಾದೆವು. ಆಗಲಿಲ್ಲ. ಮರುದಿನವೂ ಹಾಗೇ ಹೊಳೆಯುತ್ತಿತ್ತು. ಯಾರೂ ಉಜ್ಜದೆ ಹೊಳೆಯುವ ಕಾರಿನ ಮುಂದೆ ನಾವಿಬ್ಬರೂ ಬೆಪ್ಪರಂತೆ ನಿಂತಿದ್ದೆವು. ಡಾಕ್ಟರಮ್ಮ ಬಂದು ನೋಡಿ, ಹೊಸದಕ್ಕಿಂತ ಚೆನ್ನಾಗಿದೆ ಎಂದು ಖುಷಿಯಾಗಿ ತೆಗೆದುಕೊಂಡು ಹೋದರು. ಅಪ್ಪನ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಅದಾಗಿ ನಾಲ್ಕನೆಯ ದಿನ ಬೆಳಿಗ್ಗೆ ಹೊರಗೆ ಹಾರ್ನ್ ಕೇಳಿಸಿತು. ಕೆಂಪು ಕಾರು. ನಮ್ಮವರು ಹೆಗಲ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಓಡಿದರು. ದೊಡ್ಡವರು ಇಳಿದು, "ನೀನಲ್ಲಪ್ಪ. ಅವ್ರನ್ನ ಕರಿ" ಎಂದರು.

ನಾನು ಹೋದೆ. ಅವರು ಹಿಂದಿನ ಬಾಗಿಲೊಂದನ್ನು ತೋರಿಸಿದರು. ಕಾರೆಲ್ಲ ಧೂಳು ಹಿಡಿದು ಮಂಕಾಗಿತ್ತು, ಆ ಬಾಗಿಲು ಮಾತ್ರ ಅರ್ಧಂಬರ್ಧ ಹೊಳೆಯುತ್ತಿತ್ತು. ಮೇಲೆಲ್ಲ ಸುತ್ತು ಸುತ್ತು ಗೀರು. ಯಾರೋ ಕೆಲಸ ಗೊತ್ತಿಲ್ಲದವರು ಉಜ್ಜಿದ್ದಾರೆ, ಬೇರೆ ಗ್ಯಾರೇಜಿಗೆ ಹೋಗಿ ಕೆಡಿಸಿಕೊಂಡು ಬಂದಿದ್ದಾರೆ ಎಂದುಕೊಂಡೆ. ಯಾವ ಪುಣ್ಯಾತ್ಮ ಹೀಗೆ ಮಾಡಿದ್ದು ಎಂದು ಕೇಳಿಯೂಬಿಟ್ಟೆ.

"ನಾನೇ ಕಣಮ್ಮ" ಎಂದರು ದೊಡ್ಡವರು. "ಒಂದು ಬಾಗ್ಲು ಉಜ್ಜೋಕೆ ಆರು ದಿನ ಹಿಡೀತು. ಆಮೇಲೆ ಕೈ ಎತ್ತೋಕಾಗ್ಲಿಲ್ಲ, ಮಗಳೇ ಎಣ್ಣೆ ಹಚ್ಚಿದ್ಲು." ಆಮೇಲೆ ನನ್ನ ಮುಖ ನೋಡಿ ಹೇಳಿದರು: "ಎಂಟು ವರ್ಷ ನಾನು ಹೊಗಳ್ತಿದ್ದಿದ್ದು ನಿಮ್ಮನ್ನಮ್ಮ. ನಂಗೆ ಗೊತ್ತಿರ್ಲಿಲ್ಲ."

ಇಷ್ಟು ಸಂತೋಷವಾದಾಗ ಏನು ಮಾಡಬೇಕೆಂದು ತೋಚದೆ ಸೆರಗಿನಲ್ಲಿ ಆ ಬಾಗಿಲನ್ನೇ ಒರೆಸತೊಡಗಿದೆ. ಹಿಂದೆ ನಿಂತಿದ್ದ ನಮ್ಮವರು ಎಂದಿನಂತೆ ನೆಲ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

ನಾನು ಸುಧಾರಿಸಿಕೊಳ್ಳಲಿ ಎಂದೋ ಏನೋ ದೊಡ್ಡವರು ತಮ್ಮ ಹಳೆಯ ವಾದ ಎತ್ತಿದರು. ಎರಡೂ ಬಣ್ಣ ಕೈಯಲ್ಲಿ ಮುಟ್ಟಿದವರು ನೀವು, ನನ್ನದು ಮೇಲೋ ಮಗಳದ್ದೋ ಹೇಳಿಬಿಡಿ ಎಂದರು. ಅವರಿಗೆ ಬೇಕಾದ ಉತ್ತರ ಯಾವುದೆಂದು ನನಗೆ ಗೊತ್ತಿತ್ತು. ಆದರೆ ಕೈಗೆ ತಿಳಿದದ್ದನ್ನು ಬಾಯಿ ಬೇರೆ ಮಾಡಿ ಹೇಳಬಾರದಲ್ಲ.

"ಅವ್ರ ಗಾಡಿ ಬಣ್ಣಾನೇ ಗಟ್ಟಿ ಸಾರ್. ಬಿಸ್ಲು, ಧೂಳು, ಏನಕ್ಕೂ ಜಗ್ಗಲ್ಲ. ನಿಮ್ದು ನಾನು ಉಜ್ಜಿದಷ್ಟೂ ಸವೀತ ಬಂದಿದೆ. ಆದ್ರೆ ಅವ್ರದಕ್ಕೆ ನಾನು ಬೇಕಾಗಿಲ್ಲ."

ಅವರು ತಲೆದೂಗಿದರು. ಬೇಸರವಾದಂತೆ ಕಾಣಲಿಲ್ಲ. ಕಾರಿನ ಬೀಗದ ಕೈಯನ್ನು ನಮ್ಮವರಿಗೆ ಕೊಡದೆ ನನ್ನ ಕಡೆ ಚಾಚಿ, "ಇದಕ್ಕೆ ಬೇಕಲ್ಲ. ಇವತ್ತೇ ಬಿಟ್ಟು ಹೋಗ್ಲಾ, ಇಲ್ಲ ಇನ್ನೊಂದಿನ ತರ್ಲಾ? ನಿಮಗೆ ಯಾವಾಗ ಅನುಕೂಲ?" ಎಂದು ಕೇಳಿದರು.

ಎಂಟು ವರ್ಷದಲ್ಲಿ ಆ ಮಾತು ನನ್ನನ್ನು ಯಾರೂ ಕೇಳಿರಲಿಲ್ಲ. ಶೆಡ್ಡಿನಲ್ಲಿ ಇನ್ನೊಂದು ಕಾರು ನಿಂತಿತ್ತು, ಅದಕ್ಕೆ ಎರಡು ದಿನ ಬೇಕಿತ್ತು. ನಮ್ಮವರ ಮುಖ ನೋಡದೆ, ಸೋಮವಾರ ತನ್ನಿ ಎಂದೆ.